ವ್ಯವಹಾರದ ಕಾಗದಗಳು

ಮೊನ್ನೆ ಕೊಂಡು ತಂದ ಒಂದು ಪತ್ರಸಂಕಲನದ ಮುನ್ನುಡಿಯ ಕೊನೆಯಲ್ಲಿ ಹೀಗೊಂದು ಸೂಚನೆ ಇತ್ತು: ಕೇವಲ ವ್ಯವಹಾರಕ್ಕೆ ಸಂಬಂಧಿಸಿದ ಪತ್ರಗಳನ್ನೂ ಪತ್ರಭಾಗಗಳನ್ನೂ ಕೈಬಿಡಲಾಗಿದೆ. ಅಷ್ಟು ಓದಿದ್ದೇ ತಡ, ನನ್ನ ಉತ್ಸಾಹ ಅರ್ಧಕ್ಕರ್ಧ ಇಳಿದುಹೋಯಿತು. ಪುಟ ಮಗುಚಿದರೆ ಎಲ್ಲೆಲ್ಲೂ ಮೂರು ಚುಕ್ಕಿ. ನಿಮ್ಮ ಕಥೆ ತಲುಪಿತು ಎಂದು ಪತ್ರಿಕೆಯ ಸಂಪಾದಕರು ಶುರುಮಾಡುತ್ತಾರೆ. ಮೂರು ಚುಕ್ಕಿ. ಆಮೇಲೆ ನೇರವಾಗಿ ಮನೆಯವರಿಗೆಲ್ಲ ನಮಸ್ಕಾರ. ನಡುವೆ ಏನಿತ್ತು? ಸಂಭಾವನೆ ಎಷ್ಟೆಂದು ಹೇಳಿದ್ದರೇ? ಕೊನೆಯ ಎರಡು ಪುಟ ತೆಗೆಯಿರಿ ಎಂದಿದ್ದರೇ? ವಿಶೇಷಾಂಕಕ್ಕೆ ಇಟ್ಟುಕೊಳ್ಳಲೇ, ಈ ವಾರವೇ ಹಾಕಲೇ ಎಂದು ಕೇಳಿದ್ದರೇ? ನಾನು ದುಡ್ಡು ಕೊಟ್ಟು ಕೊಂಡದ್ದು ಆ ನಡುವಿನ ಭಾಗಕ್ಕಾಗಿಯೇ. ನಮಸ್ಕಾರ ನನ್ನ ಮನೆಗೂ ಬೇಕಾದಷ್ಟು ಬರುತ್ತವೆ.

ಬೇರೆಯವರ ಕಾಗದ ಓದುವುದು ನನಗೆ ಬಹಳ ವರ್ಷಗಳಿಂದ ಹತ್ತಿರುವ ಚಟ. ಅದರಲ್ಲೂ ಪ್ರೇಮಪತ್ರ, ಸಾಂತ್ವನದ ಪತ್ರ, ತತ್ವಜ್ಞಾನದ ಪತ್ರ ಇವುಗಳಿಗಿಂತ ಪತ್ರಿಕೆಯ ಸಂಪಾದಕರಿಗೂ ಸಾಹಿತ್ಯದ ಏಜೆಂಟರಿಗೂ ನಡುವೆ ಓಡಾಡಿದ ಕಾಗದಗಳೆಂದರೆ ನನಗೆ ಪ್ರಾಣ. ಕನ್ನಡದಲ್ಲಿ ಈ ಏಜೆಂಟರ ಕಸುಬು ಬೇರು ಬಿಡಲೇ ಇಲ್ಲ. ನಮ್ಮಲ್ಲಿ ಬರೆದವರೇ ಪ್ರತಿ ಮಾಡಿ, ಲಕೋಟೆಗೆ ಹಾಕಿ, ಸ್ವವಿಳಾಸದ ಅಂಚೆಚೀಟಿ ಹಚ್ಚಿದ ಇನ್ನೊಂದು ಲಕೋಟೆಯನ್ನೂ ಒಳಗಿಟ್ಟು ಕಳಿಸಬೇಕಿತ್ತು. ವಿಷಾದಪತ್ರ ಬಂದರೆ ಅವರೇ ಒಡೆದು ಓದಬೇಕಿತ್ತು. ಇಂಗ್ಲಿಷಿನಲ್ಲಿ ಹಾಗಲ್ಲ. ಲಂಡನ್ನಿನಲ್ಲಿ 19ನೇ ಶತಮಾನದ ಕೊನೆಯ ಕಾಲಕ್ಕೆ ಎ.ಪಿ. ವಾಟ್ ಎಂಬ ಸ್ಕಾಟ್ಲೆಂಡಿನವರು ನೂರಕ್ಕೆ ಹತ್ತರ ಕಮಿಷನ್ ಮೇಲೆ ಈ ಕೆಲಸವನ್ನು ಒಂದು ಕಸುಬಾಗಿ ನಿಲ್ಲಿಸಿದರು. ಅವರ ಹಿಂದೆಯೇ ಜೆ.ಬಿ. ಪಿಂಕರ್ ಬಂದರು, ಕಾನ್ರಾಡ್, ಹೆನ್ರಿ ಜೇಮ್ಸ್ ಅಂಥವರ ಲೆಕ್ಕಪತ್ರ ನೋಡಿಕೊಂಡವರು ಅವರು. ಪ್ರಕಾಶಕ ವಿಲಿಯಂ ಹೈನ್‌ಮನ್ ಈ ಮಧ್ಯವರ್ತಿಗಳು ಬೇಡವೇ ಬೇಡ ಎಂದು ಬಹಿರಂಗವಾಗಿ ಕೂಗಾಡಿದ್ದೂ ಉಂಟು. ಕೂಗಾಡಿದ್ದರಿಂದ ಏನೂ ಆಗಲಿಲ್ಲ. ಏಜೆಂಟರು ಉಳಿದುಕೊಂಡರು.

ಈ ಕಾಗದಗಳ ರುಚಿ ಎಲ್ಲಿದೆ ಅಂದರೆ, ಅವು ಮದುವೆ ಮಾತುಕತೆಗೆ ಕೂತ ಹಿರಿಯರ ಮಾತಿನ ಹಾಗೆ. ಹುಡುಗ ಹುಡುಗಿಯ ಎದುರು ಆಡಲಾಗದ್ದನ್ನು ಹಿರಿಯರು ತಮ್ಮತಮ್ಮಲ್ಲಿ ಸಲೀಸಾಗಿ ಆಡಿಕೊಳ್ಳುತ್ತಾರೆ. ಆದರೆ ಆಡಿದ ಮಾತು ಒಳಮನೆಗೆ ಕೇಳಿಸಬಹುದು ಎಂಬ ಎಚ್ಚರವೂ ಅವರಿಗೆ ಇರುತ್ತದೆ. ಸಂಪಾದಕರು ಲೇಖಕರಿಗೇ ಬರೆಯುವಾಗ ಬಾಯಿಗೆ ಬೆಣ್ಣೆ ಹಚ್ಚಿಕೊಂಡಿರುತ್ತಾರೆ. ಏಜೆಂಟರಿಗೆ ಬರೆಯುವಾಗ ಈ ಕಥೆ ಸುಸ್ತಾಗಿದೆ, ನಡುವೆ ಜೋತುಬಿದ್ದಿದೆ, ಹಿಂದಿನ ಕಥೆಯನ್ನೇ ತಿರುಗಿ ಬರೆದಿದ್ದಾರೆ ಎಂದು ಬಿಚ್ಚಿ ಹೇಳುತ್ತಾರೆ. ಏಜೆಂಟರು ಅದನ್ನು ಲೇಖಕರಿಗೆ ದಾಟಿಸುವಾಗ ಎಷ್ಟನ್ನು ಉಳಿಸಿಕೊಂಡರು, ಎಷ್ಟನ್ನು ನುಂಗಿಕೊಂಡರು ಎಂದು ಎರಡೂ ಕಾಗದವನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡುವುದಿದೆಯಲ್ಲ, ಅಂಥ ಸುಖ ನನಗೆ ಕಾದಂಬರಿಯಲ್ಲೂ ಸಿಗುವುದು ಅಪರೂಪ. ಒಬ್ಬ ಮನುಷ್ಯ ಇನ್ನೊಬ್ಬನ ಮನಸ್ಸು ನೋಯದಂತೆ ಸತ್ಯವನ್ನು ಎಷ್ಟು ತೆಳು ಮಾಡಬಹುದು, ಎಷ್ಟಕ್ಕಿಂತ ಹೆಚ್ಚು ತೆಳು ಮಾಡಿದರೆ ಸುಳ್ಳಾಗುತ್ತದೆ ಎಂಬುದು ಅಲ್ಲಿ ಸಾಲುಸಾಲಿನಲ್ಲಿ ಕಾಣುತ್ತದೆ.

ಓದುವುದಕ್ಕೆ ನನ್ನದೇ ಒಂದು ಕ್ರಮ ಇದೆ. ಮೊದಲು ಉತ್ತರ ಓದಬೇಕು, ಆಮೇಲೆ ಕಾಗದ. ಎರಡೂ ಕಡೆಯ ಪತ್ರಗಳಿರುವ ಸಂಕಲನ ಸಿಕ್ಕರೆ ಎಡಪುಟದ ಮೇಲೆ ಒಂದು ಹಳೇ ಲಕೋಟೆ ಮುಚ್ಚಿ ಇಡುತ್ತೇನೆ. ಬಲಪುಟದ ಉತ್ತರವನ್ನಷ್ಟೇ ಓದಿ, ಇದಕ್ಕೆ ಕಾರಣವಾದ ಕಾಗದ ಹೇಗಿದ್ದೀತು ಎಂದು ಮನಸ್ಸಿನಲ್ಲೇ ಪೂರ್ತಿ ಬರೆದುಕೊಳ್ಳುತ್ತೇನೆ. ಉತ್ತರದ ಮೊದಲ ವಾಕ್ಯ ತೀರಾ ಮೆತ್ತಗಿದ್ದರೆ ಆ ಕಡೆಯವರು ಸಿಟ್ಟಿನಲ್ಲಿ ಬರೆದಿದ್ದಾರೆ. ಹವೆಯ ಬಗ್ಗೆ, ಆರೋಗ್ಯದ ಬಗ್ಗೆ ಒಂದು ಪ್ಯಾರಾ ಪೂರ್ತಿ ಹೋಗಿದ್ದರೆ ಕೆಳಗೆಲ್ಲೋ ನಿರಾಕರಣೆ ಕಾದಿದೆ. ಹಣ ಜಮಾ ಆಗಿದೆ ಎಂದ ಉಸಿರಿನಲ್ಲೇ ಕಥೆ ಯಾವಾಗ ಕಳಿಸುತ್ತೀರಿ ಎಂದು ಕೇಳಿದ್ದರೆ, ಇನ್ನೂ ಬರೆಯದ ಕಥೆಯ ಮೇಲೆ ಲೇಖಕರು ದುಡ್ಡು ಎತ್ತಿದ್ದಾರೆ. ಆಮೇಲೆ ಲಕೋಟೆ ಸರಿಸಿ ನಿಜವಾದ ಕಾಗದ ಓದಿದಾಗ ಊಹೆ ಸರಿಯಾಗಿದ್ದರೂ ಸಂತೋಷ, ತಪ್ಪಾಗಿದ್ದರೆ ಇನ್ನೂ ಹೆಚ್ಚು ಸಂತೋಷ. ಯಾಕೆಂದರೆ ಆಗ ಬರೆದವರ ಗುಣದ ಒಂದು ಹೊಸ ಮೂಲೆ ಸಿಗುತ್ತದೆ.

ಎರಡನೆಯದಾಗಿ ತಾರೀಖು ನೋಡಬೇಕು. ಕಾಗದಕ್ಕೂ ಉತ್ತರಕ್ಕೂ ನಡುವೆ ಎಷ್ಟು ದಿನ? ಹಡಗಿನ ಟಪಾಲಿನ ಕಾಲದಲ್ಲಿ ತಡವಾದರೆ ಸಮುದ್ರದ ಮೇಲೆ ಹೇಳಬಹುದಿತ್ತು. ಒಂದೇ ಊರಿನಲ್ಲಿದ್ದವರು ಮೂರು ವಾರ ಸುಮ್ಮನಿದ್ದರೆ ಆ ಮೌನವೇ ಉತ್ತರ. ಮೂರನೆಯದಾಗಿ, ಮೂಲ ಪ್ರತಿಯ ಚಿತ್ರ ಅಚ್ಚು ಹಾಕಿದ್ದರೆ ಪುಟದ ಎಡಗಡೆ ಕೆಳಗೆ ಕಣ್ಣು ಹಾಯಿಸಬೇಕು. ಅಲ್ಲಿ ಎರಡು ಜೋಡಿ ಅಕ್ಷರಗಳಿರುತ್ತವೆ. ದೊಡ್ಡ ಅಕ್ಷರ ಕಾಗದ ಹೇಳಿ ಬರೆಸಿದವರ ಇನಿಶಿಯಲ್. ಓರೆಗೆರೆಯ ಆಚೆ ಸಣ್ಣ ಅಕ್ಷರ ಟೈಪು ಮಾಡಿದವರದು. ಸಣ್ಣ ಅಕ್ಷರವೇ ಇಲ್ಲದಿದ್ದರೆ ಆ ಕಾಗದವನ್ನು ಬಹುಶಃ ಯಾರಿಗೂ ಹೇಳಿ ಬರೆಸಿಲ್ಲ. ಅಂಥ ಕಾಗದ ಕಂಡರೆ ನಾನು ನಿಧಾನವಾಗಿ ಓದುತ್ತೇನೆ. ಹೋದ ಪ್ರತಿಗಿಂತ ಕಚೇರಿಯಲ್ಲಿ ಉಳಿದ ತೆಳು ಕಾಗದದ ಕಾರ್ಬನ್ ಪ್ರತಿಯ ಮೇಲೆ ನನಗೆ ಆಸೆ ಜಾಸ್ತಿ. ಫೋನಿನಲ್ಲಿ ಆದ ಮಾತು, ಬದಲಾದ ಮೊತ್ತ, ಒಂದು ಪ್ರಶ್ನಾರ್ಥಕ ಚಿಹ್ನೆ, ಎಲ್ಲ ಪೆನ್ಸಿಲಿನಲ್ಲಿ ಅದರ ಅಂಚಿಗೆ ಹತ್ತಿಕೊಂಡಿರುತ್ತವೆ.

ಇನ್ನು ಲೆಕ್ಕದ ಸಾಲುಗಳ ವಿಷಯಕ್ಕೆ ಬರುತ್ತೇನೆ. 1891ರ ಜನವರಿಯಲ್ಲಿ ಜಾರ್ಜ್ ನ್ಯೂನ್ಸ್ ಲಂಡನ್ನಿನಲ್ಲಿ ‘ಸ್ಟ್ರಾಂಡ್’ ಮಾಸಪತ್ರಿಕೆ ಶುರುಮಾಡಿದರು. ಸಾಹಿತ್ಯ ಸಂಪಾದಕರು ಹರ್ಬರ್ಟ್ ಗ್ರೀನ್‌ಹೋ ಸ್ಮಿತ್. ಅದೇ ವರ್ಷದ ವಸಂತದಲ್ಲಿ ಸ್ಮಿತ್ ಅವರಿಗೆ ಎ.ಪಿ. ವಾಟ್ ಒಂದು ಕಥೆ ಕಳಿಸಿದರು. ಕಾನನ್ ಡಾಯ್ಲ್ ಬರೆದ ಬೊಹೀಮಿಯಾದ ಹಗರಣದ ಕಥೆ, ಷರ್ಲಾಕ್ ಹೋಮ್ಸನ ಮೊದಲ ಸಣ್ಣಕಥೆ. ಜುಲೈ ಸಂಚಿಕೆಯಲ್ಲಿ ಅಚ್ಚಾಯಿತು. ಮೊದಲ ಆರು ಕಥೆಗಳಿಗೆ ಡಾಯ್ಲ್‌ಗೆ ಸಿಕ್ಕಿದ್ದು ಒಂದೊಂದಕ್ಕೆ ಸುಮಾರು 35 ಪೌಂಡ್. ಓದುಗರು ಇನ್ನೂ ಬೇಕು ಎಂದರು, ಪತ್ರಿಕೆಯವರೂ ಇನ್ನೂ ಬೇಕು ಎಂದರು. ಡಾಯ್ಲ್‌ಗೆ ಐತಿಹಾಸಿಕ ಕಾದಂಬರಿಗಳ ಮೇಲೆ ಮನಸ್ಸು. ಉದ್ದ ಎಷ್ಟೇ ಇರಲಿ, ಕಥೆಗೆ 50 ಪೌಂಡ್ ಎಂದು ಸ್ವಲ್ಪ ಬಿಗಿಯಾಗಿಯೇ ಬರೆದರು. ತಕ್ಷಣ ಒಪ್ಪಿಗೆ ಬಂತು. ಮುಂದಿನ ವರ್ಷ ಮತ್ತೆ ಕೇಳಿದಾಗ ಹನ್ನೆರಡು ಕಥೆಗೆ 1000 ಪೌಂಡ್ ಎಂದರು. ಅದಕ್ಕೂ ಒಪ್ಪಿದರು. ಹೋಮ್ಸ್ ಇವತ್ತಿಗೂ ಬದುಕಿರುವುದಕ್ಕೆ ಆ 50ಕ್ಕೂ ಆ 1000ಕ್ಕೂ ಬಂದ ಒಪ್ಪಿಗೆಯೂ ಒಂದು ಕಾರಣ. ಸಂಪಾದಕರು 40ಕ್ಕೆ ಚೌಕಾಸಿ ಮಾಡಿದ್ದರೆ ಡಾಯ್ಲ್ ಕಾದಂಬರಿಗೆ ತಿರುಗಿಕೊಳ್ಳುತ್ತಿದ್ದರು ಎಂದೇ ನನ್ನ ನಂಬಿಕೆ. ಆ ಅಂಕಿಗಳನ್ನು ತೆಗೆದು ಮೂರು ಚುಕ್ಕಿ ಹಾಕಿದರೆ ಈ ಕಥೆಯಲ್ಲಿ ಉಳಿಯುವುದೇನು? ಲೇಖಕರಿಗೆ ಸ್ಫೂರ್ತಿ ಬಂತು, ಬರೆದರು ಎಂಬಷ್ಟು. ಅದು ನಿಜವೂ ಅಲ್ಲ.

ಇನ್ನೊಂದು ಪುಸ್ತಕವನ್ನು ನಾನು ಮಂಚದ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಸ್ಕಾಟ್ ಫಿಟ್ಜೆರಾಲ್ಡ್‌ಗೂ ಅವರ ಏಜೆಂಟ್ ಹೆರಾಲ್ಡ್ ಓಬರ್‌ಗೂ ನಡುವಿನ, 1919ರಿಂದ 1940ರವರೆಗಿನ ಪತ್ರಗಳು. 1972ರಲ್ಲಿ ಮ್ಯಾಥ್ಯೂ ಬ್ರುಕೋಲಿ ಮತ್ತು ಜೆನಿಫರ್ ಆಟ್ಕಿನ್ಸನ್ ಸಂಪಾದಿಸಿದ್ದು. ಇಲ್ಲಿ ತಂತಿಗಳನ್ನೂ ಬಿಟ್ಟಿಲ್ಲ, ಹಣದ ಮೊತ್ತವನ್ನೂ ಬಿಟ್ಟಿಲ್ಲ. ಪತ್ರಸಂಪಾದನೆ ಮಾಡಹೊರಟವರೆಲ್ಲ ಈ ಪುಸ್ತಕವನ್ನು ಒಮ್ಮೆ ಓದಲೇಬೇಕು. ‘ಸ್ಯಾಟರ್ಡೇ ಈವನಿಂಗ್ ಪೋಸ್ಟ್’ ವಾರಪತ್ರಿಕೆಗೆ ಓಬರ್ ಮಾರಿದ ಮೊದಲ ಕಥೆಗೆ 400 ಡಾಲರ್ ಬಂದಿತ್ತು. 1929ರ ಹೊತ್ತಿಗೆ ಅದೇ ಪತ್ರಿಕೆ ಒಂದು ಕಥೆಗೆ 4000 ಕೊಡುತ್ತಿತ್ತು. ಅದೇ ವರ್ಷ ಫಿಟ್ಜೆರಾಲ್ಡ್‌ರ ಎಲ್ಲ ಪುಸ್ತಕಗಳಿಂದ ಬಂದ ರಾಯಧನ ಒಟ್ಟು 31 ಡಾಲರ್ 77 ಸೆಂಟ್. ‘ದ ಗ್ರೇಟ್ ಗ್ಯಾಟ್ಸ್‌ಬಿ’ಯೂ ಅದರಲ್ಲೇ ಸೇರಿತ್ತು! ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟ ಮೇಲೆ ಆ ಮನುಷ್ಯ ಮುಂದಿನ ಕಾದಂಬರಿ ಮುಗಿಸಲು ಯಾಕೆ ಒಂಬತ್ತು ವರ್ಷ ತೆಗೆದುಕೊಂಡರು ಎಂದು ವಿಮರ್ಶಕರು ವಿವರಿಸಬೇಕಾಗಿಲ್ಲ.

ಆ ಪತ್ರಗಳಲ್ಲಿ ಓಬರ್ ಎಂಬ ಮನುಷ್ಯ ನಿಧಾನವಾಗಿ ಬೆಳೆಯುತ್ತಾರೆ. ಮೊದಮೊದಲು ಬರೀ ಕಮಿಷನ್ ಏಜೆಂಟ್. ಆಮೇಲೆ ಬ್ಯಾಂಕು. ಆಮೇಲೆ ಬಂಧು, ಫಿಟ್ಜೆರಾಲ್ಡ್‌ರ ಮಗಳು ಸ್ಕಾಟಿ ರಜೆಯಲ್ಲಿ ಓಬರ್ ದಂಪತಿಯ ಮನೆಯಲ್ಲೇ ಇರುತ್ತಿದ್ದಳು. ಕೊನೆಗೆ 1939ರಲ್ಲಿ ಇನ್ನು ಮುಂಗಡ ಕೊಡಲಾರೆ ಎಂದು ಓಬರ್ ಹೇಳಿದಾಗ ಇಪ್ಪತ್ತು ವರ್ಷದ ಸಂಬಂಧ ಮುರಿಯಿತು. ಅಲ್ಲಿಂದ ಮುಂದೆ ಫಿಟ್ಜೆರಾಲ್ಡ್ ತಾವೇ ತಮ್ಮ ಏಜೆಂಟರಾದರು. ‘ಎಸ್ಕ್ವೈರ್’ ಸಂಪಾದಕ ಆರ್ನಾಲ್ಡ್ ಗಿಂಗ್ರಿಚ್‌ಗೆ ಪ್ಯಾಟ್ ಹಾಬಿ ಎಂಬ ಪಾತ್ರದ ಹದಿನೇಳು ಕಥೆ ಮಾರಿದ್ದು ಹಾಗೆ, ಒಂದೊಂದಕ್ಕೆ 250 ಡಾಲರಿನಂತೆ. ಅಚ್ಚಿಗೆ ಹೋಗಲಿರುವ ಕಥೆಯನ್ನು ತಿದ್ದಿ ಮತ್ತೆ ಕಳಿಸುವುದು, ಹಣವನ್ನು ತಂತಿಯಲ್ಲಿ ರವಾನಿಸಿ ಎನ್ನುವುದು, ಎರಡೂ ಒಂದೇ ಕೈಯಿಂದ. ನಡುವಿನ ಮನುಷ್ಯ ಇಲ್ಲದ ಮೇಲೆ ಕಾಗದದ ದನಿ ಎಷ್ಟು ಒಣಗಿತು ಎಂಬುದನ್ನು ನೋಡಿದರೆ ಹೊಟ್ಟೆ ಹಿಂಡುತ್ತದೆ. 4000ದಿಂದ 250ಕ್ಕೆ ಇಳಿದ ಬರಹಗಾರ ಒಂದೊಂದು ಶಬ್ದವನ್ನೂ ತಿದ್ದುವುದನ್ನು ಮಾತ್ರ ಬಿಡಲಿಲ್ಲ. ಇದನ್ನು ನಾನು ತಿಳಿದದ್ದು ವ್ಯವಹಾರದ ಕಾಗದಗಳಿಂದಲೇ.

ಈಗ ನನ್ನ ಜಗಳ. ನಮ್ಮಲ್ಲಿ ಪತ್ರಸಂಕಲನ ಮಾಡುವ ಹಲವರು ಒಂದೇ ಮಾತು ಹೇಳುತ್ತಾರೆ: ದುಡ್ಡಿನ ವಿಷಯ ಹಾಕಿದರೆ ಹಿರಿಯರು ಸಣ್ಣವರಾಗಿ ಕಾಣುತ್ತಾರೆ. ಪತ್ರ ಓದುವ ಹವ್ಯಾಸದಲ್ಲಿ ನನಗಿಂತ ಹಿರಿಯರಾದ ಒಬ್ಬ ಸ್ನೇಹಿತರೂ ಹಾಗೇ ಅನ್ನುವವರು. “ನಿಮಗೇನ್ರೀ ಆ ಲೆಕ್ಕದಲ್ಲಿ ಸಿಗುತ್ತೆ? ಪತ್ರ ಅಂದ್ರೆ ಮನಸ್ಸು ಬಿಚ್ಚಿ ಬರೆದದ್ದು” ಅಂದರು ಒಂದು ಸಲ. “ಕೊಡಬೇಕಾದ ದುಡ್ಡು ಕೇಳುವಾಗ ಮನುಷ್ಯ ಎಷ್ಟು ಮನಸ್ಸು ಬಿಚ್ಚಬೇಕು ಗೊತ್ತಾ ಸಾರ್?” ಅಂದೆ ನಾನು. ಅವರು ತಲೆ ಅಲ್ಲಾಡಿಸಿ ಕಾಫಿ ತರಿಸಿದರು. ನಾನು ಆ ಮಾತನ್ನು ಅಲ್ಲಿಗೇ ಬಿಡಲು ಸಿದ್ಧನಿಲ್ಲ. ಇಲ್ಲಿ ನನಗೆ ನಿಜವಾಗಿಯೂ ಸಿಟ್ಟಿದೆ.

ಲೇಖಕ ಗಾಳಿ ಕುಡಿದು ಬದುಕುತ್ತಾನೆಂದು ತೋರಿಸುವುದರಲ್ಲಿ ಯಾರ ಗೌರವ ಹೆಚ್ಚುತ್ತದೆ? ಮನೆ ಬಾಡಿಗೆ, ಮಗಳ ಫೀಸು, ಔಷಧಿಯ ಬಿಲ್ಲು ಇವುಗಳ ನಡುವೆ ಕೂತು ಒಬ್ಬರು ಒಳ್ಳೆಯ ಕಥೆ ಬರೆದರು ಎಂದರೆ ಅವರು ದೊಡ್ಡವರಾಗುತ್ತಾರೆಯೇ ಹೊರತು ಸಣ್ಣವರಲ್ಲ. ಇದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. 1940ರಲ್ಲಿ, 1960ರಲ್ಲಿ, 1980ರಲ್ಲಿ ಒಂದು ಕನ್ನಡ ಕಥೆಗೆ ಎಷ್ಟು ಸಂಭಾವನೆ ಇತ್ತು? ಅಚ್ಚಾದ ಮೇಲೆ ಕೊಡುತ್ತಿದ್ದರೋ, ಒಪ್ಪಿದ ಕೂಡಲೇ ಕೊಡುತ್ತಿದ್ದರೋ? ಧಾರಾವಾಹಿಗೆ ವಾರದ ಲೆಕ್ಕವೋ, ಒಟ್ಟು ಮೊತ್ತವೋ? ಕಾದಂಬರಿಯ ಹಕ್ಕು ಯಾರ ಬಳಿ ಉಳಿಯುತ್ತಿತ್ತು? ಕನ್ನಡದಲ್ಲಿ ಬರೆದು ಬದುಕಿದವರ ಚರಿತ್ರೆ ಬರೆಯಹೊರಟವರಿಗೆ ಇವೆಲ್ಲ ಸಿಗಬೇಕಾದದ್ದು ಈ ಕಾಗದಗಳಲ್ಲೇ. ಸಂಪಾದನೆ ಮಾಡಿದವರು ತಮ್ಮ ಮರ್ಯಾದೆಯ ಕಲ್ಪನೆಗಾಗಿ ಅದನ್ನು ಅಳಿಸಿಬಿಟ್ಟರೆ ಮುಂದಿನವರಿಗೆ ಆ ದಾರಿಯೇ ಮುಚ್ಚಿತು. ಮೂಲ ಕಾಗದ ಆಮೇಲೆ ಸಿಗುವ ಖಾತ್ರಿಯಾದರೂ ಏನು? ಪುಸ್ತಕವಾಯಿತಲ್ಲ ಎಂದು ಮನೆಯವರು ಕಟ್ಟನ್ನು ರದ್ದಿಗೆ ಹಾಕುತ್ತಾರೆ. ಚುಕ್ಕಿ ಇಟ್ಟವರ ಕೈಯಲ್ಲಿ ಇದ್ದದ್ದು ಕೊನೆಯ ಪ್ರತಿ ಎಂಬ ಪ್ರಜ್ಞೆಯೂ ಅವರಿಗಿಲ್ಲ!

ಲೆಕ್ಕದ ಸಾಲು ಸಾಹಿತ್ಯವಲ್ಲ ಎನ್ನುವವರಿಗೆ ನಮ್ಮ ಮೈಸೂರಿನದೇ ಒಂದು ಉದಾಹರಣೆ ಕೊಡುತ್ತೇನೆ. ಆರ್.ಕೆ. ನಾರಾಯಣ್ ತಮ್ಮ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಇಂಗ್ಲೆಂಡಿನ ಪ್ರಕಾಶಕರಿಗೆ ಕಳಿಸಿ ಕಳಿಸಿ ಸೋತಿದ್ದರು. ಅದನ್ನು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು ಎಂದು ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯ ಪೂರ್ಣ ಅವರಿಗೆ ಬರೆದರಂತೆ. ಪೂರ್ಣ ನದಿಗೆ ಹಾಕಲಿಲ್ಲ, ಗ್ರಹಾಂ ಗ್ರೀನ್ ಕೈಗೆ ಕೊಟ್ಟರು. ಗ್ರೀನ್ ಓದಿ, ಮೆಚ್ಚಿ, ಏಜೆಂಟರು ಮಾಡುವ ಕೆಲಸವನ್ನೆಲ್ಲ ತಾವೇ ಮಾಡಿದರು. ಆಮೇಲೆ ಡೇವಿಡ್ ಹೈಯಮ್ ಎಂಬ ನಿಜವಾದ ಏಜೆಂಟರಿಗೆ ಒಪ್ಪಿಸಿದರು. ಲಂಡನ್ನಿನಿಂದ ಮೈಸೂರಿಗೆ ಬಂದ ಆ ಕಾಗದಗಳಲ್ಲಿ ಶುದ್ಧ ವ್ಯವಹಾರದ ಎರಡು ಸಲಹೆಗಳಿದ್ದವು. ಲೇಖಕರ ಹೆಸರು ಇಲ್ಲಿಯ ಗ್ರಂಥಾಲಯದ ಓದುಗರಿಗೆ ಉದ್ದವಾಯಿತು, ಚಿಕ್ಕದು ಮಾಡಿ ಎಂಬುದು ಒಂದು. ಪುಸ್ತಕದ ಹೆಸರು ಬದಲಾಯಿಸಿ ಎಂಬುದು ಇನ್ನೊಂದು. ನಾರಾಯಣಸ್ವಾಮಿ ನಾರಾಯಣ್ ಆದದ್ದು ಹಾಗೆ. 1935ರಲ್ಲಿ ಹ್ಯಾಮಿಶ್ ಹ್ಯಾಮಿಲ್ಟನ್ ಸಂಸ್ಥೆಯಿಂದ ಬಂದ ಪುಸ್ತಕದ ಹೆಸರು ‘ಸ್ವಾಮಿ ಅಂಡ್ ಫ್ರೆಂಡ್ಸ್’ ಆದದ್ದೂ ಹಾಗೆ. ನಮ್ಮ ಚುಕ್ಕಿಯ ಸಂಪಾದಕರ ಕೈಗೆ ಈ ಕಾಗದಗಳು ಸಿಕ್ಕಿದ್ದರೆ ಎರಡೂ ಸಾಲು ಹೋಗಿರುತ್ತಿದ್ದವು.

ನಾರಾಯಣ್ ಅವರಿಗೆ ಬಂದ ಆ ಕಾಗದಗಳನ್ನು ಓದುವಾಗ ಇನ್ನೊಂದು ವಿಷಯವೂ ಕಾಡುತ್ತದೆ. ಮೊದಲ ಪುಸ್ತಕ ಮಾರಾಟವಾಗಲಿಲ್ಲ. ಎರಡನೆಯದು, 1937ರಲ್ಲಿ, ನೆಲ್ಸನ್‌ನಿಂದ; ಮೂರನೆಯದು, 1938ರಲ್ಲಿ, ಮ್ಯಾಕ್ಮಿಲನ್‌ನಿಂದ. ಮೂರು ಪುಸ್ತಕಕ್ಕೆ ಮೂರು ಪ್ರಕಾಶಕರು ಎಂದರೆ ಲಂಡನ್ನಿನಲ್ಲಿ ಯಾರೋ ಪ್ರತಿ ಸಲವೂ ಹೊಸ ಬಾಗಿಲು ಬಡಿದಿದ್ದಾರೆ ಎಂದು ಅರ್ಥ. ಮೈಸೂರಿನಲ್ಲಿ ಕೂತು ಬರೆಯುತ್ತಿದ್ದವರಿಗೆ ಆ ಬಡಿತದ ಸದ್ದು ವಾರಗಳಾದ ಮೇಲೆ ಟಪಾಲಿನಲ್ಲಿ ಬರುತ್ತಿತ್ತು. ಗ್ರೀನ್ ಮತ್ತು ನಾರಾಯಣ್ ಮುಖತಃ ಭೇಟಿಯಾದದ್ದು 1956ರಲ್ಲಿ. ಅಷ್ಟು ವರ್ಷ ಎಲ್ಲ ಕಾಗದದಲ್ಲೇ ನಡೆಯಿತು.

ಪತ್ರ ಪ್ರಕಟಿಸುವುದರಲ್ಲಿ ಕಾನೂನಿನ ತೊಡಕು ಇದೆ ಎಂಬುದನ್ನು ನಾನು ಬಲ್ಲೆ. ಕಾಗದದ ಹಾಳೆ ಪಡೆದವರದು, ಅದರಲ್ಲಿ ಬರೆದ ಮಾತಿನ ಹಕ್ಕು ಬರೆದವರದು. ಜೆ.ಡಿ. ಸಾಲಿಂಜರ್ ತಮ್ಮ ಅಪ್ರಕಟಿತ ಪತ್ರಗಳನ್ನು ಜೀವನಚರಿತ್ರೆಗೆ ಬಳಸಿದ್ದರ ವಿರುದ್ಧ ಕೋರ್ಟಿಗೆ ಹೋಗಿ 1987ರಲ್ಲಿ ಗೆದ್ದರು. ಅದಕ್ಕೂ ಮೊದಲೇ, ಅವರ ಮಾತಿಗೆ ಕಟ್ಟುಬಿದ್ದು, ಓಬರ್ ಸಂಸ್ಥೆಯಲ್ಲೇ ಇದ್ದ ಅವರ ಏಜೆಂಟ್ ಡೊರೊಥಿ ಓಲ್ಡಿಂಗ್ ಐನೂರಕ್ಕೂ ಹೆಚ್ಚು ಪತ್ರಗಳನ್ನು ನಾಶಮಾಡಿದರು. ಆಕೆಯ ನಿಷ್ಠೆ ದೊಡ್ಡದು, ನನಗೆ ಅದರ ಬಗ್ಗೆ ಗೌರವ ಇದೆ. ಆದರೂ ಆ ಐನೂರನ್ನು ನೆನೆದಾಗ ಸಂಕಟವಾಗುತ್ತದೆ. ಲೇಖಕರೇ ಬೇಡವೆಂದರೆ ಅದು ಅವರ ಹಕ್ಕು. ನಮ್ಮಲ್ಲಿ ಹೋದವೆಲ್ಲ ಹಾಗೆ ಯಾರೋ ಬೇಡವೆಂದದ್ದಕ್ಕೆ ಹೋದವಲ್ಲ, ಕೇಳುವವರಿಲ್ಲದೆ ಹೋದವು.

ಮಾಸ್ತಿಯವರು ‘ಜೀವನ’ ಪತ್ರಿಕೆಯನ್ನು 1944ರಿಂದ 1965ರವರೆಗೆ ನಡೆಸಿದರು. 1956ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ‘ಕಸ್ತೂರಿ’ ಪಾ.ವೆಂ. ಆಚಾರ್ಯರ ಕೈಯಲ್ಲಿ ಬೆಳೆಯಿತು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಿಂದ ಮನೋಹರ ಗ್ರಂಥಮಾಲೆಯನ್ನು ಕಟ್ಟಿದರು. ಈ ಮೇಜುಗಳ ಮೇಲಿನಿಂದ ಎಷ್ಟು ಕಾರ್ಡು, ಎಷ್ಟು ಇನ್‌ಲ್ಯಾಂಡ್ ಕಾಗದ ಹೊರಟಿರಬೇಕು! ತುದಿ ಅಂಟಿಸದೆ ಬುಕ್‌ಪೋಸ್ಟಿನಲ್ಲಿ ಬಂದ ಎಷ್ಟು ಹಸ್ತಪ್ರತಿಗಳ ಅಂಚಿನಲ್ಲಿ ಎಷ್ಟು ಟಿಪ್ಪಣಿ ಬಿದ್ದಿರಬೇಕು! ಏಜೆಂಟರಿಲ್ಲದ ಭಾಷೆಯಲ್ಲಿ ಸಂಪಾದಕರೇ ಎರಡೂ ಕಡೆಯ ಮಾತು ಆಡಬೇಕು: ಲೇಖಕರ ಪರವಾಗಿ ಪತ್ರಿಕೆಯ ಯಜಮಾನರ ಹತ್ತಿರ, ಪತ್ರಿಕೆಯ ಪರವಾಗಿ ಲೇಖಕರ ಹತ್ತಿರ. ಅದು ಓಬರ್ ಮಾಡಿದ್ದಕ್ಕಿಂತ ಕಷ್ಟದ ಕೆಲಸ. ಹಾಗಿರುವಾಗ ಆ ಕಾಗದಗಳು ಇನ್ನೂ ಹೆಚ್ಚು ರುಚಿಯಾಗಿರಲೇಬೇಕು.

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷಿನಲ್ಲಿ ‘ಹಾರ್ಟ್ ಲ್ಯಾಂಪ್’ ಆಗಿ ಅಂತರರಾಷ್ಟ್ರೀಯ ಬೂಕರ್ ಪಡೆದ ಮೇಲೆ ನನಗೆ ಪರಿಚಯವಿರುವ ಬರಹಗಾರರೂ ಏಜೆಂಟ್ ಹುಡುಕುವ ಮಾತಾಡುತ್ತಿದ್ದಾರೆ. ಸಿಗಲಿ. ಈಗಿನ ಮಾತುಕತೆ ಇಮೇಲಿನಲ್ಲಿ, ವಾಟ್ಸಾಪಿನಲ್ಲಿ. ಫೋನು ಬದಲಾಯಿಸಿದಾಗ ಅರ್ಧ ಹೋಗುತ್ತದೆ, ಪಾಸ್‌ವರ್ಡ್ ಮರೆತಾಗ ಉಳಿದರ್ಧ. ಹೀಗೇ ಬಿಟ್ಟರೆ ನಾಳೆ ಸಂಕಲನ ಮಾಡುವವರಿಗೆ ಚುಕ್ಕಿ ಇಡುವುದಕ್ಕೂ ಏನೂ ಇರುವುದಿಲ್ಲ.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯಲ್ಲಿ ಬರೆಯುತ್ತಿದ್ದವರು, ಪತ್ರಿಕೆ ನಡೆಸುತ್ತಿದ್ದವರು, ಪ್ರೆಸ್ ಇಟ್ಟುಕೊಂಡಿದ್ದವರು ಯಾರಾದರೂ ಇದ್ದರೆ ಅವರ ಫೈಲುಗಳನ್ನು ತೂಕಕ್ಕೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಿ. ಸಂಭಾವನೆಯ ಚೀಟಿ, ಮನಿಯಾರ್ಡರಿನ ಕೂಪನ್, ವಿಷಾದಪತ್ರ ಎಲ್ಲವನ್ನೂ ಪ್ರೀತಿಯ ಕಾಗದಗಳ ಜೊತೆಗೇ ಇಡಿ, ಬೇರೆ ಮಾಡಬೇಡಿ. ತುಕ್ಕು ಹಿಡಿದ ಗುಂಡುಸೂಜಿ ತೆಗೆಯಿರಿ. ಲಕೋಟೆ ಎಸೆಯಬೇಡಿ, ತಾರೀಖು ಹಾಕದವರ ಕಾಗದಕ್ಕೆ ಅಂಚೆಮುದ್ರೆಯೇ ತಾರೀಖು. ಲ್ಯಾಮಿನೇಷನ್ ಮಾತ್ರ ಮಾಡಿಸಲೇಬೇಡಿ. ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೋ, ಕನ್ನಡ ವಿಭಾಗಕ್ಕೋ ಒಂದು ಫೋನು ಮಾಡಿ. ಅವರು ಬೇಡವೆಂದರೆ ಇನ್ನೊಬ್ಬರಿಗೆ ಮಾಡಿ. ಯಾರಾದರೂ ಅದನ್ನು ಪುಸ್ತಕ ಮಾಡುತ್ತೇನೆಂದು ಬಂದರೆ ಕೊಡುವ ಮೊದಲು ಒಂದೇ ಒಂದು ಷರತ್ತು ಹಾಕಿ: ಲೆಕ್ಕದ ಸಾಲುಗಳು ಇದ್ದ ಹಾಗೇ ಅಚ್ಚಾಗಬೇಕು.